ಕೆಲಸ ಕೊಟ್ಟು ಕಲಿಸಿ: ನಿಯಮ ಬರೆಯೋರಿಗೆ, ಎಚ್‌ಆರ್‌ನವರಿಗೆ, ಟ್ರೇನಿಂಗ್ ನಡೆಸೋರಿಗೆ ಒಂದು ಬಹಿರಂಗ ಪತ್ರ

ಎಲ್ಲರಿಗೂ ನಮಸ್ಕಾರ.

ಕಾರ್ಮಿಕರ ವಿಷಯದಲ್ಲಿ ನಿಯಮ ಬರೆಯೋ ಅಧಿಕಾರಿಗಳಿಗೆ, ಜನಾನ ಕೆಲಸಕ್ಕೆ ತಗೊಳ್ಳೋ ಎಚ್‌ಆರ್‌ನವರಿಗೆ, ಟ್ರೇನಿಂಗ್ ಕೇಂದ್ರ ನಡೆಸೋರಿಗೆ, ನಿಮ್ಮ ಮೂರೂ ಕಡೆಯವರಿಗೂ ಸೇರಿಸಿ ಒಂದೇ ಪತ್ರ ಬರೀತಿದೀನಿ, ಯಾಕಂದ್ರೆ ಬೇರೆಬೇರೆಯಾಗಿ ಕೇಳಿದಾಗೆಲ್ಲ ನೀವು ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತೀರಿ. ಕಂಪನಿಯವರು ‘ಸ್ಕಿಲ್ ಇರೋರು ಸಿಗ್ತಿಲ್ಲ’ ಅಂತೀರಿ, ಟ್ರೇನಿಂಗ್‌ನವರು ‘ನಾವು ಕಲಿಸಿ ಕಳಿಸಿದ್ವಿ, ತಗೊಳ್ಳೋರೇ ಇಲ್ಲ’ ಅಂತೀರಿ, ಇಲಾಖೆಯವರು ‘ಕಾನೂನು ಇದೆಯಲ್ಲ’ ಅಂತೀರಿ. ಮೂರು ಮಾತೂ ಅರ್ಧರ್ಧ ನಿಜ, ಇಲ್ಲ ಅನ್ನಲ್ಲ. ಆದರೆ ಈ ಅರ್ಧರ್ಧ ನಿಜಗಳ ಮಧ್ಯೆ ಸಿಕ್ಕಿಹಾಕ್ಕೊಂಡು ವರ್ಷಗಟ್ಟಲೆ ಕಾಯ್ತಿರೋದು ಅಂಗವೈಕಲ್ಯ ಇರೋ ಕೆಲಸಗಾರರು.

ನಾನು ಅಂಗವೈಕಲ್ಯ ಇರೋರಿಗೆ ಕೆಲಸ ಕಲಿಸೋ ಕ್ಷೇತ್ರದಲ್ಲೇ ಬಹಳ ಕಾಲದಿಂದ ಇದೀನಿ. ಒಂದೇ ಕಂಪ್ಯೂಟರ್ ಬೇಸಿಕ್ಸ್ ಕೋರ್ಸನ್ನ ಬೇರೆಬೇರೆ ಹೆಸರಲ್ಲಿ ಮೂರ್ನಾಲ್ಕು ಸಲ ಮುಗಿಸಿ, ಕೈಯಲ್ಲಿ ಸರ್ಟಿಫಿಕೇಟ್ ಕಟ್ಟು ಹಿಡ್ಕೊಂಡು, ಒಂದೇ ಒಂದು ದಿನ ಕೂಡ ಸಂಬಳದ ಕೆಲಸ ಮಾಡದೇ ಇರೋರನ್ನ ಕಣ್ಣಾರೆ ನೋಡಿದೀನಿ. ಅವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ‘ಮೊದಲು ಕಲಿ, ಪೂರ್ತಿ ರೆಡಿ ಆಗು, ಆಮೇಲೆ ಕೆಲಸದ ಮಾತು’ ಅನ್ನೋ ನಮ್ಮ ಪದ್ಧತಿ ಇದೆಯಲ್ಲ, ಅದೇ ಅವರನ್ನ ಅಲ್ಲೇ ಕೂರಿಸಿದೆ. ಈ ಪತ್ರದಲ್ಲಿ ನಾನು ಕೇಳ್ತಿರೋದು ಒಂದೇ: ಈ ಕ್ರಮಾನ ತಿರುಗಿಸಿ. ಕೆಲಸಕ್ಕೆ ತಗೊಂಡು, ಆ ಕೆಲಸದ ಜಾಗದಲ್ಲೇ ಕಲಿಸಿ, ಮತ್ತೆ ಕಾನೂನು ಕೊಟ್ಟಿರೋ ರಕ್ಷಣೆ ಇಂಟರ್‌ವ್ಯೂ ಬಾಗಿಲಲ್ಲೇ ನಿಂತುಬಿಡದೆ ಟ್ರೇನಿಂಗ್ ರೂಮಿನ ಒಳಗೂ ಬರೋ ಹಾಗೆ ಮಾಡಿ.

ಇದೇನು ನನ್ನ ತಲೆಗೆ ಹೊಳೆದ ಹೊಸ ವಿಚಾರ ಅಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಮಾರ್ಕ್ ಗೋಲ್ಡ್ ಅನ್ನೋರು, ತೀವ್ರ ಬೌದ್ಧಿಕ ಅಂಗವೈಕಲ್ಯ ಇದೆ, ಇವರಿಂದ ಏನೂ ಆಗಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದ ಜನರಿಗೆ ಸೈಕಲ್ ಬ್ರೇಕ್ ಜೋಡಿಸೋದನ್ನ ಕಲಿಸಿ ತೋರಿಸಿದ್ರು. ಅದು ಸುಮಾರು ಭಾಗಗಳಿರೋ, ಒಂದು ತುಂಡು ತಿರುಗಾಮುರುಗಾ ಆದ್ರೂ ಕೂರದೇ ಇರೋ ಕೆಲಸ. ಅವರು ಮಾಡಿದ್ದು ಇಷ್ಟೇ, ಕೆಲಸಾನ ಸಣ್ಣಸಣ್ಣ ಹೆಜ್ಜೆಗಳಾಗಿ ಬಿಡಿಸಿದ್ರು, ಉದ್ದುದ್ದ ಮಾತಾಡಿ ವಿವರಿಸೋದನ್ನ ಬಿಟ್ಟು ಕೈಯಿಂದ ಮಾಡಿ ತೋರಿಸಿದ್ರು, ಯಾವ ಹೆಜ್ಜೆಯಲ್ಲಿ ತಪ್ಪಾಯ್ತೋ ಆ ಹೆಜ್ಜೆಯನ್ನ ಬೇರೆ ರೀತಿ ಮಾಡೋಕೆ ಹೇಳಿದ್ರು. ಕಲಿಯೋನಿಗೆ ಬರ್ತಿಲ್ಲ ಅಂದ್ರೆ ಕಲಿಸೋನು ತನ್ನ ದಾರಿ ಬದಲಾಯಿಸಬೇಕು ಅನ್ನೋದು ಅವರ ಪಟ್ಟು. ಐವತ್ತು ವರ್ಷ ಆಯ್ತು. ನಮ್ಮಲ್ಲಿ ಇವತ್ತಿಗೂ ಎಷ್ಟೋ ಕೇಂದ್ರಗಳಲ್ಲಿ ಬೌದ್ಧಿಕ ಅಂಗವೈಕಲ್ಯ ಇರೋರಿಗೆ ವರ್ಷಾನುಗಟ್ಟಲೆ ಅದೇ ಮಣಿ ಪೋಣಿಸೋದು, ಅದೇ ಕವರ್ ಅಂಟಿಸೋದು, ಅದನ್ನೇ ‘ಪ್ರೀ-ವೊಕೇಶನಲ್’, ಅಂದ್ರೆ ಕಸುಬು ಕಲಿಯೋಕೂ ಮುಂಚಿನ ತಯಾರಿ, ಅಂತ ಕರೆಯೋದು. ಆ ‘ಪ್ರೀ’ ಯಾವತ್ತು ಮುಗಿಯುತ್ತೆ ಅಂತ ತಾಯಿತಂದೆಗಳು ಕೇಳಿದ್ರೆ ಯಾರ ಹತ್ರಾನೂ ಉತ್ತರ ಇಲ್ಲ.

1980ರ ದಶಕದಲ್ಲಿ ಇದೇ ವಿಚಾರ ‘ಸಪೋರ್ಟೆಡ್ ಎಂಪ್ಲಾಯ್‌ಮೆಂಟ್’ ಅಂತ ಬೆಳೀತು. ಮೊದಲು ನಿಜವಾದ ಕೆಲಸ, ನಿಜವಾದ ಸಂಬಳ, ಆಮೇಲೆ ಜೊತೆಗೊಬ್ಬ ಜಾಬ್ ಕೋಚ್. ಆ ಕೋಚ್ ಮೊದಮೊದಲು ಪಕ್ಕದಲ್ಲೇ ಇರ್ತಾರೆ, ಕೆಲಸ ಹಿಡಿತಕ್ಕೆ ಬರ್ತಾ ಬರ್ತಾ ಹಿಂದೆ ಸರೀತಾರೆ, ಸಹೋದ್ಯೋಗಿಗಳೇ ನೋಡ್ಕೊಳ್ಳೋ ಹಾಗಾದಾಗ ಅಪರೂಪಕ್ಕೆ ಬಂದು ಹೋಗ್ತಾರೆ. ತೀವ್ರ ಮಾನಸಿಕ ಕಾಯಿಲೆ ಇರೋರಿಗೆ ಅಂತಾನೇ 1990ರ ದಶಕದಲ್ಲಿ ಐಪಿಎಸ್ (ಇಂಡಿವಿಜುವಲ್ ಪ್ಲೇಸ್ಮೆಂಟ್ ಅಂಡ್ ಸಪೋರ್ಟ್) ಅನ್ನೋ ಮಾದರಿ ಬಂತು, ಅದನ್ನ ಹಳೇ ‘ಮೊದಲು ತರಬೇತಿ’ ಪದ್ಧತಿ ಜೊತೆ ಇಟ್ಟು ಬೇರೆಬೇರೆ ದೇಶಗಳಲ್ಲಿ ಸರಿಯಾದ ಪ್ರಯೋಗಗಳಲ್ಲೇ ಹೋಲಿಸಿ ನೋಡಿದಾರೆ, ಮತ್ತೆಮತ್ತೆ ಗೊತ್ತಾಗಿದ್ದು ನೇರವಾಗಿ ಕೆಲಸಕ್ಕೆ ಸೇರಿಸಿ ಅಲ್ಲೇ ಬೆಂಬಲ ಕೊಟ್ಟಾಗ ಹೆಚ್ಚು ಜನ ಕೆಲಸ ಹಿಡೀತಾರೆ ಅಂತ. ಯೋಚನೆ ಮಾಡಿದ್ರೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಈಜು ಕಲಿಯೋನನ್ನ ದಡದಲ್ಲೇ ಕೂರಿಸಿ ಪಾಠ ಹೇಳಿದ್ರೆ ನೀರಿಗಿಳಿದ ದಿನ ಆ ಪಾಠ ನೆನಪಿಗೂ ಬರಲ್ಲ. ಅದರಲ್ಲೂ ಆಟಿಸಂ ಇರೋರು, ಬೌದ್ಧಿಕ ಅಂಗವೈಕಲ್ಯ ಇರೋರು ಒಂದು ಜಾಗದಲ್ಲಿ ಕಲಿತಿದ್ದನ್ನ ಇನ್ನೊಂದು ಜಾಗದಲ್ಲಿ ಹಾಗೇ ಅನ್ವಯಿಸೋದು ಕಷ್ಟ, ಮಷೀನು ಬೇರೆ, ಬೆಳಕು ಬೇರೆ, ಗದ್ದಲ ಬೇರೆ, ಜನ ಬೇರೆ. ಕೇಂದ್ರದಲ್ಲಿ ಚೆನ್ನಾಗಿ ಮಾಡ್ತಿದ್ದೋನು ಫ್ಯಾಕ್ಟರಿಗೆ ಹೋಗಿ ತಬ್ಬಿಬ್ಬಾದ ಅಂದ್ರೆ ಅದು ಅವನ ಸೋಲು ಅಂತ ರಿಪೋರ್ಟ್ ಬರೆಯೋದು ಅನ್ಯಾಯ.

ಈಗ ಕಾನೂನಿಗೆ ಬರ್ತೀನಿ. ಕಾನೂನು ಇಲ್ಲ ಅಂತ ನಾನು ಹೇಳ್ತಿಲ್ಲ, ಕಾನೂನು ಚೆನ್ನಾಗೇ ಇದೆ, ಅದನ್ನ ಕೊನೇ ಪುಟದವರೆಗೂ ಓದೋರು ಕಮ್ಮಿ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರ ಡಿಸೆಂಬರ್ 13ರಂದು ಅಂಗೀಕಾರ ಆಯ್ತು, 2008ರ ಮೇ 3ರಿಂದ ಜಾರಿಯಲ್ಲಿದೆ. ಅದರ 27ನೇ ವಿಧಿ ಕೆಲಸದ ಬಗ್ಗೆ. ನೇಮಕಾತಿಯಲ್ಲಿ ತಾರತಮ್ಯ ಬೇಡ ಅನ್ನೋದನ್ನ ಎಲ್ಲರೂ ಉದ್ಧರಿಸ್ತಾರೆ, ಆದರೆ ಅದೇ ವಿಧಿಯಲ್ಲಿ ಸಾಮಾನ್ಯ ತಾಂತ್ರಿಕ ಮತ್ತು ವೃತ್ತಿ ಮಾರ್ಗದರ್ಶನ, ವೃತ್ತಿ ತರಬೇತಿ, ಕೆಲಸದಲ್ಲಿದ್ದಾಗಲೂ ಮುಂದುವರಿಯೋ ತರಬೇತಿ, ಇದೆಲ್ಲ ಅಂಗವೈಕಲ್ಯ ಇರೋರಿಗೂ ಸಿಗೋ ಹಾಗೆ ಮಾಡಬೇಕು ಅಂತಾನೂ ಬರೆದಿದೆ. ‘ಸಾಮಾನ್ಯ’ ಅಂದ್ರೆ ಎಲ್ಲರಿಗೂ ಇರೋ ಅದೇ ತರಬೇತಿ, ಹಿಂದಿನ ಬಿಲ್ಡಿಂಗ್‌ನಲ್ಲಿ ಬೇರೆ ಕೋಣೆ ಕಟ್ಟಿ ಕೊಡೋ ತರಬೇತಿ ಅಲ್ಲ. ಇದಕ್ಕೂ ಮುಂಚೆ, 1983ರಲ್ಲೇ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ 159ನೇ ಒಪ್ಪಂದದಲ್ಲಿ ಅಂಗವಿಕಲ ಕಾರ್ಮಿಕರಿಗೂ ಉಳಿದ ಕಾರ್ಮಿಕರಿಗೂ ಸಮಾನ ಅವಕಾಶ ಇರಬೇಕು ಅಂತ ಹೇಳಿತ್ತು.

ಭಾರತದ ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದಿದ್ದು 2017ರ ಏಪ್ರಿಲ್ 19. ಇದು 21 ರೀತಿಯ ಅಂಗವೈಕಲ್ಯಗಳನ್ನ ಗುರುತಿಸುತ್ತೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ 4% ಮೀಸಲಾತಿ ಇದೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ 19ನೇ ಸೆಕ್ಷನ್ ಏನು ಹೇಳುತ್ತೆ ಅಂತ ಕೇಳಿ ನೋಡಿ, ಟ್ರೇನಿಂಗ್ ನಡೆಸೋರಲ್ಲೇ ಬಹಳ ಜನಕ್ಕೆ ಗೊತ್ತಿರಲ್ಲ. ಮುಖ್ಯವಾಹಿನಿಯ ಎಲ್ಲ ವೃತ್ತಿ ಮತ್ತು ಕೌಶಲ್ಯ ತರಬೇತಿ ಯೋಜನೆಗಳಲ್ಲೂ ಅಂಗವೈಕಲ್ಯ ಇರೋರನ್ನ ಸೇರಿಸಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರೋರಿಗೆ ಪ್ರತ್ಯೇಕ ತರಬೇತಿಗೆ ಅವಕಾಶ ಕೊಟ್ಟಿದೆ ನಿಜ, ಆದರೆ ಅಲ್ಲೂ ಮಾರುಕಟ್ಟೆ ಜೊತೆ ಸಕ್ರಿಯ ಸಂಪರ್ಕ ಇರಬೇಕು ಅಂತ ಷರತ್ತು ಹಾಕಿದೆ. ಅಂದ್ರೆ ಎಲ್ಲಿಗೂ ಕರ್ಕೊಂಡು ಹೋಗದೇ ಇರೋ ಟ್ರೇನಿಂಗ್ ಕೊಡ್ತಾ ಇರೋದು ಈ ಕಾಯ್ದೆಯ ಆಶಯಕ್ಕೇ ವಿರುದ್ಧ. 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಬರೆದು ಪ್ರಕಟಿಸಬೇಕು, 20 ಅಥವಾ ಹೆಚ್ಚು ಜನ ಇರೋ ಖಾಸಗಿ ಕಂಪನಿಯ ನೀತಿಯಲ್ಲಿ ತರಬೇತಿ, ಬಡ್ತಿ, ಸಹಾಯಕ ಸಾಧನಗಳ ವಿವರ ಕೂಡ ಇರಬೇಕು, ಇದನ್ನೆಲ್ಲ ನೋಡ್ಕೊಳ್ಳೋಕೆ ಒಬ್ಬ ಲಿಯಾಸನ್ ಆಫೀಸರ್ ಇರಬೇಕು ಅಂತ 2017ರ ನಿಯಮಗಳು ಹೇಳ್ತವೆ. ನಾನು ನೋಡಿರೋ ಎಷ್ಟೋ ನೀತಿಗಳಲ್ಲಿ ತರಬೇತಿ ಅನ್ನೋ ಜಾಗದಲ್ಲಿ ಒಂದು ವಾಕ್ಯ, ‘ಅಗತ್ಯಕ್ಕೆ ತಕ್ಕಂತೆ ಒದಗಿಸಲಾಗುವುದು’. ಯಾರು ಒದಗಿಸ್ತಾರೆ, ಎಷ್ಟು ದಿನದಲ್ಲಿ, ಯಾರನ್ನ ಕೇಳಬೇಕು, ಒಂದೂ ಇಲ್ಲ.

ಇನ್ನೊಂದು ಕೊರತೆಯನ್ನೂ ಹೇಳ್ಬೇಕು, ಇದು ನಿಯಮ ಬರೆಯೋರಿಗೆ. ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಅನ್ನೋ 20ನೇ ಸೆಕ್ಷನ್ ನೇರವಾಗಿ ಹೆಸರಿಸಿರೋದು ಸರ್ಕಾರಿ ಸಂಸ್ಥೆಗಳನ್ನ ಮಾತ್ರ. ಜಾಸ್ತಿ ಜನ ಕೆಲಸ ಮಾಡೋದು ಖಾಸಗಿಯಲ್ಲಿ, ಗುತ್ತಿಗೆಯಲ್ಲಿ, ಸಣ್ಣಪುಟ್ಟ ಯೂನಿಟ್‌ಗಳಲ್ಲಿ. ಅಮೆರಿಕದ 1990ರ ಎಡಿಎ ಅನ್ನೋ ಅಂಗವಿಕಲರ ಹಕ್ಕಿನ ಕಾನೂನು 15 ಜನ ಇರೋ ಖಾಸಗಿ ಸಂಸ್ಥೆಯಿಂದಲೇ ಅನ್ವಯ ಆಗುತ್ತೆ, ಕೆಲಸಕ್ಕೆ ತಗೊಳ್ಳೋದು, ಬಡ್ತಿ, ತರಬೇತಿ ಎಲ್ಲದರಲ್ಲೂ ತಾರತಮ್ಯ ಮಾಡಬಾರದು ಅಂತ ಬಿಡಿಸಿ ಹೇಳಿದೆ. ನಮ್ಮಲ್ಲೂ ಖಾಸಗಿಯವರ ಮೇಲೆ ಅಷ್ಟೇ ನೇರವಾದ ಹೊಣೆ ಬರಲಿ.

ಬರೀ ಮೀಸಲಾತಿ ಕೊಟ್ಟು ಕಲಿಸೋದನ್ನ ಮರೆತ್ರೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟನ್ನಿನ ಹಳೇ ಕಾನೂನು ಒಳ್ಳೇ ಪಾಠ. 1944ರಲ್ಲಿ ಅಲ್ಲಿ ಕಾಯ್ದೆ ಮಾಡಿ 20 ಅಥವಾ ಹೆಚ್ಚು ಜನ ಇರೋ ಕಡೆ 3% ಅಂಗವಿಕಲರು ಇರಬೇಕು ಅಂದ್ರು, ಜೊತೆಗೆ ಕೆಲವು ಕೆಲಸ ಅವರಿಗೆ ಅಂತಾನೇ ಮೀಸಲಿಟ್ರು. ಯಾವ ಕೆಲಸ ಗೊತ್ತಾ, ಲಿಫ್ಟ್ ನಡೆಸೋದು ಮತ್ತೆ ಕಾರ್ ಪಾರ್ಕ್ ನೋಡ್ಕೊಳ್ಳೋದು. ಅಷ್ಟೇ. ಯುದ್ಧದಿಂದ ಗಾಯಗೊಂಡು ಬಂದವರಲ್ಲಿ ಎಂತೆಂಥ ಕಸುಬು ಗೊತ್ತಿರೋರು ಇದ್ದರೋ, ಕಾನೂನು ಅವರಿಗೆ ಅಂತ ತೆಗೆದಿಟ್ಟಿದ್ದು ಲಿಫ್ಟಿನ ಬಟನ್. ಆ ಕೋಟಾ ಕೂಡ ಸರಿಯಾಗಿ ಜಾರಿ ಆಗದೆ, 1995ರಲ್ಲಿ ತಾರತಮ್ಯ ತಡೆ ಕಾಯ್ದೆ ಬಂದಾಗ ರದ್ದಾಯ್ತು. ಅದೇ ಯೋಚನೆ ನಮ್ಮ ತಲೆಗಳಲ್ಲಿ ಇನ್ನೂ ಇದೆ ಅಂತ ನನಗೆ ಅನಿಸುತ್ತೆ: ಕಣ್ಣು ಕಾಣದವರು ಅಂದ್ರೆ ಟೆಲಿಫೋನ್ ಆಪರೇಟರ್, ಕಿವಿ ಕೇಳದವರು ಅಂದ್ರೆ ಪ್ಯಾಕಿಂಗ್, ವ್ಹೀಲ್‌ಚೇರ್ ಅಂದ್ರೆ ಡೇಟಾ ಎಂಟ್ರಿ. ಕೋರ್ಸ್ ಪಟ್ಟಿ ತೆಗೆದು ನೋಡಿ, ಹೀಗೇ ಇರುತ್ತೆ. ಅಭ್ಯರ್ಥಿಗೆ ಏನಿಷ್ಟ ಅಂತ ಕೇಳೋಕೂ ಮುಂಚೆ ಸರ್ಟಿಫಿಕೇಟ್‌ನಲ್ಲಿರೋ ಅಂಗವೈಕಲ್ಯದ ಹೆಸರು ನೋಡಿ ಟ್ರೇಡ್ ಹಂಚಿಬಿಡ್ತಾರೆ.

ಕೆಲಸ ಸಿಕ್ಕಿದ ಮೇಲಿನ ಕಥೆ ಇನ್ನೂ ಬೇಜಾರು ತರಿಸುತ್ತೆ, ಎಚ್‌ಆರ್‌ನವರು ದಯವಿಟ್ಟು ಇದನ್ನ ನಿಧಾನವಾಗಿ ಓದಿ. ಒಬ್ಬ ಕಿವಿ ಕೇಳದ ಹುಡುಗಿ ಒಂದು ಕಂಪನಿಯಲ್ಲಿ ವರ್ಷಗಳಿಂದ ಕೆಲಸ ಮಾಡ್ತಿದ್ಲು, ತಪ್ಪಿಲ್ಲದ ಕೆಲಸ, ರಜೆ ಕಮ್ಮಿ. ಅವಳ ಜೊತೆ ಸೇರಿದವರೆಲ್ಲ ಸೂಪರ್‌ವೈಸರ್ ಆದ್ರು, ಅವಳು ಆಗಲಿಲ್ಲ. ಕಾರಣ ಕೇಳಿದ್ರೆ ‘ಇಂಟರ್ನಲ್ ಟ್ರೇನಿಂಗ್ ಪಾಸಾಗಿಲ್ಲ’. ಆ ಟ್ರೇನಿಂಗ್ ಏನು ಅಂದ್ರೆ ಕ್ಯಾಪ್ಶನ್ ಇಲ್ಲದ ವಿಡಿಯೋಗಳು, ಆಮೇಲೆ ಅದರ ಮೇಲೆ ಕ್ವಿಜ್. ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿದ್ದಕ್ಕೆ ಬಜೆಟ್ ಇಲ್ಲ ಅಂದ್ರು, ಸರಿ ಕ್ಯಾಪ್ಶನ್ ಆದ್ರೂ ಹಾಕಿ ಅಂದ್ರೆ ವೆಂಡರ್‌ನ ಕೇಳ್ಬೇಕು ಅಂದ್ರು, ಅಲ್ಲಿಗೆ ಮುಗೀತು. ಅವಳನ್ನ ಯಾರೂ ಬೈಯಲಿಲ್ಲ, ಯಾರೂ ಕೆಲಸದಿಂದ ತೆಗೀಲಿಲ್ಲ, ದಾಖಲೆಯಲ್ಲಿ ಒಂದು ದೂರೂ ಇಲ್ಲ, ಆದರೆ ಅವಳ ಬಡ್ತಿಯ ದಾರಿ ಅಲ್ಲೇ ಮುಚ್ಚಿಹೋಯ್ತು. ಹೊಸ ಸಾಫ್ಟ್‌ವೇರ್ ಬಂದಾಗ ಸ್ಕ್ರೀನ್ ರೀಡರ್ (ಸ್ಕ್ರೀನ್ ಮೇಲಿರೋದನ್ನ ಕಣ್ಣು ಕಾಣದವರಿಗೆ ಓದಿ ಹೇಳೋ ಸಾಫ್ಟ್‌ವೇರ್) ಬಳಸೋರಿಗೂ ಹೀಗೇ ಆಗುತ್ತೆ. ನಿನ್ನೆವರೆಗೂ ಎಲ್ಲರ ಸಮ ಕೆಲಸ ಮಾಡ್ತಿದ್ದವರು, ಹೊಸ ಸಿಸ್ಟಮ್‌ನ ಬಟನ್‌ಗಳಿಗೆ ಲೇಬಲ್ಲೇ ಇಲ್ಲದೆ ಸ್ಕ್ರೀನ್ ರೀಡರ್ ಬರೀ ‘ಬಟನ್, ಬಟನ್’ ಅಂತ ಓದೋಕೆ ಶುರು ಮಾಡಿದ ದಿನದಿಂದ ‘ಸ್ಲೋ’ ಅನ್ನಿಸ್ಕೊಳ್ತಾರೆ, ಡೆಮೊ ಕೊಡೋ ಟ್ರೇನರ್ ‘ಇಲ್ಲಿ ನೋಡಿ, ಇದನ್ನ ಕ್ಲಿಕ್ ಮಾಡಿ, ಆಮೇಲೆ ಇದನ್ನ’ ಅಂತ ಹೇಳ್ಕೊಂಡು ಹೋಗ್ತಾರೆ, ಅಪ್ರೈಸಲ್‌ನಲ್ಲಿ ಅದೇ ಕಾಣಿಸ್ಕೊಳ್ಳುತ್ತೆ. ಬೆಂಕಿ ಡ್ರಿಲ್ ಮಾಡ್ತೀರಿ, ಆ ದಿನ ವ್ಹೀಲ್‌ಚೇರ್‌ನವರಿಗೆ ‘ನೀವು ಇಲ್ಲೇ ಕೂತಿರಿ’ ಅಂತೀರಿ. ನಿಜವಾಗಿ ಬೆಂಕಿ ಬಿದ್ರೆ?

ಖರ್ಚು ಜಾಸ್ತಿ ಅನ್ನೋ ಮಾತು ಯಾವಾಗಲೂ ಬರುತ್ತೆ. ಅಮೆರಿಕದ ಜಾಬ್ ಅಕಾಮಡೇಶನ್ ನೆಟ್‌ವರ್ಕ್ 1983ರಿಂದ ಕಂಪನಿಗಳಿಗೆ ಇದೇ ವಿಷಯದಲ್ಲಿ ಸಲಹೆ ಕೊಡ್ತಿದೆ, ಕಂಪನಿಗಳನ್ನೇ ಅವರು ಕೇಳಿ ನೋಡಿದ ಸಮೀಕ್ಷೆಗಳಲ್ಲಿ ಸುಮಾರು ಅರ್ಧದಷ್ಟು ಹೊಂದಾಣಿಕೆಗಳಿಗೆ ಒಂದು ಪೈಸೆಯೂ ಖರ್ಚಾಗಿಲ್ಲ. ಶಿಫ್ಟ್ ಸಮಯ ಬದಲಾಯಿಸೋದು, ಟೇಬಲ್ ಜಾಗ ಬದಲಾಯಿಸೋದು, ಬಾಯಲ್ಲಿ ಹೇಳೋ ಸೂಚನೆ ಬರೆದು ಕೊಡೋದು, ಟ್ರೇನಿಂಗ್ ಸ್ಲೈಡ್ಸ್ ಹಿಂದಿನ ದಿನವೇ ಕಳಿಸೋದು, ಇದಕ್ಕೆಲ್ಲ ದುಡ್ಡು ಯಾಕೆ ಬೇಕು? ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಇದೆ, 2006ರಲ್ಲಿ ಆಸ್ಟ್ರೇಲಿಯಾದ, ತಾವೇ ಕಣ್ಣು ಕಾಣದ ಮೈಕೆಲ್ ಕರ್ರನ್ ಶುರು ಮಾಡಿದ್ದು, ಜೇಮ್ಸ್ ಟೆಹ್ ಅವರ ಜೊತೆ ಸೇರಿ ಬೆಳೆಸಿದ್ದು, ಪೂರ್ತಿ ಉಚಿತ. ಇಂಟರ್‌ಪ್ರಿಟರ್‌ಗೆ, ಲಿಫ್ಟಿಗೆ ಖರ್ಚಾಗುತ್ತೆ, ಸುಳ್ಳು ಹೇಳಲ್ಲ. ಅಲ್ಲಿ ಸರ್ಕಾರ ಕೈ ಹಾಕಬೇಕು. ಬ್ರಿಟನ್ನಿನಲ್ಲಿ 1994ರಿಂದ ‘ಆಕ್ಸೆಸ್ ಟು ವರ್ಕ್’ ಅಂತ ಯೋಜನೆ ಇದೆ, ಸಾಧನ, ಸಹಾಯಕರು, ಇಂಟರ್‌ಪ್ರಿಟರ್, ಓಡಾಟ ಇದಕ್ಕೆಲ್ಲ ಸರ್ಕಾರದಿಂದ ಹಣ ಬರುತ್ತೆ. ಜರ್ಮನಿಯಲ್ಲಿ 20 ಅಥವಾ ಹೆಚ್ಚು ಹುದ್ದೆ ಇರೋ ಕಂಪನಿ 5% ತೀವ್ರ ಅಂಗವೈಕಲ್ಯ ಇರೋರನ್ನ ತಗೊಳ್ಳಲೇಬೇಕು, ಇಲ್ಲದಿದ್ರೆ ಲೆವಿ ಕಟ್ಟಬೇಕು, ಆ ದುಡ್ಡು ಅಂಗವೈಕಲ್ಯ ಇರೋರ ಕೆಲಸದ ಬೆಂಬಲಕ್ಕೇ ಹೋಗುತ್ತೆ. ಅಂಥದೊಂದು ನಿಧಿ ಇದ್ರೆ ಸಣ್ಣ ಯೂನಿಟ್‌ನವರು ಕೂಡ ‘ನಮ್ಮ ಕೈಲಿ ಆಗಲ್ಲ’ ಅನ್ನೋ ಪರಿಸ್ಥಿತಿ ಬರಲ್ಲ.

ಕೆಲಸದಲ್ಲಿ ಇರುವಾಗಲೇ ಅಂಗವೈಕಲ್ಯ ಬಂದವರ ವಿಷಯ ಬಹಳ ಕಡೆ ಯಾರ ತಲೆಯಲ್ಲೂ ಇರಲ್ಲ. ಅಪಘಾತ, ಪಾರ್ಶ್ವವಾಯು, ನಿಧಾನವಾಗಿ ಹೋಗೋ ದೃಷ್ಟಿ. 2003ರಲ್ಲಿ ಕುನಾಲ್ ಸಿಂಗ್ ಕೇಸ್‌ನಲ್ಲಿ, ಡ್ಯೂಟಿಯಲ್ಲಿ ಗಾಯವಾಗಿ ಕಾಲು ಕಳ್ಕೊಂಡ ಕಾನ್‌ಸ್ಟೆಬಲ್ ಒಬ್ಬರನ್ನ ಸೇವೆಯಿಂದ ಕಳಿಸಿದ್ದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು, ಅದು ನಮ್ಮ ಹಳೇ, 1995ರ ಅಂಗವಿಕಲರ ಕಾಯ್ದೆಯ ಕಾಲ. ಈಗಿನ ಕಾಯ್ದೆಯ 20(4) ಅದೇ ರಕ್ಷಣೆಯನ್ನ ಮುಂದುವರಿಸಿದೆ: ಸರ್ಕಾರಿ ನೌಕರರಿಗೆ ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ್ರೆ ತೆಗೆಯೋ ಹಾಗಿಲ್ಲ, ಹುದ್ದೆ ಇಳಿಸೋ ಹಾಗಿಲ್ಲ, ಇದ್ದ ಹುದ್ದೆಗೆ ಆಗದಿದ್ರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಹಾಕಬೇಕು. ಆದರೆ ಬೇರೆ ಹುದ್ದೆಗೆ ಹಾಕಿ ಏನೂ ಕಲಿಸದೇ ಇದ್ರೆ? ಫೀಲ್ಡ್‌ನಲ್ಲಿ ಓಡಾಡ್ತಿದ್ದ ಮನುಷ್ಯನನ್ನ ಆಫೀಸಿನ ಮೂಲೆಯಲ್ಲಿ ಖಾಲಿ ಟೇಬಲ್ ಕೊಟ್ಟು ಕೂರಿಸಿ ತಿಂಗಳು ತಿಂಗಳು ಸಂಬಳ ಕೊಡೋದು, ಕಾಗದದ ಮೇಲೆ ಕಾನೂನು ಪಾಲನೆ ಆಯ್ತು, ಆ ಮನುಷ್ಯ ಒಳಗೊಳಗೇ ಕುಗ್ಗಿಹೋಗ್ತಾನೆ. ಮರುತರಬೇತಿ ಅನ್ನೋದು 20(4)ರ ಜೊತೆ ಕಡ್ಡಾಯ ಆಗಬೇಕು, ಸಂಬಳ ಸಹಿತ, ಸಮಯ ಸಹಿತ. ಖಾಸಗಿಯಲ್ಲಂತೂ ಈ ಕನಿಷ್ಠ ರಕ್ಷಣೆಯೂ ಗಟ್ಟಿಯಾಗಿಲ್ಲ.

ಮಾನಸಿಕ ಕಾಯಿಲೆ ಇರೋರು, ಕಲಿಕಾ ತೊಂದರೆ ಇರೋರು ಬಹಳಷ್ಟು ಜನ ಹೇಳ್ಕೊಳ್ಳೋದೇ ಇಲ್ಲ, ಹೇಳಿದ್ರೆ ಏನಾಗುತ್ತೋ ಅನ್ನೋ ಭಯ, ಆ ಭಯ ಸುಮ್ನೆ ಬಂದಿದ್ದಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಲ್ಲಿ, ಕೆಲವು ವಿನಾಯಿತಿ ಬಿಟ್ರೆ, ಕೆಲಸ ಕೊಡ್ತೀವಿ ಅಂತ ಹೇಳೋ ಮುಂಚೆ ಆರೋಗ್ಯದ ಪ್ರಶ್ನೆ ಕೇಳೋ ಹಾಗಿಲ್ಲ. ಅಂಥದೊಂದು ನಿಯಮ ಇಲ್ಲೂ ಬಂದ್ರೆ ಜನ ಕೆಲಸ ಸಿಕ್ಕ ಮೇಲಾದ್ರೂ ಧೈರ್ಯವಾಗಿ ಬಂದು ‘ನನಗೆ ಟ್ರೇನಿಂಗ್‌ನಲ್ಲಿ ಇಂಥ ಸಹಾಯ ಬೇಕು’ ಅಂತ ಕೇಳ್ತಾರೆ.

ಕೇಳಿದಾಗ ಏನು ಮಾಡಬೇಕು ಅನ್ನೋದನ್ನೂ ಕೋರ್ಟ್ ಹೇಳಿದೆ. 2021ರ ವಿಕಾಸ್ ಕುಮಾರ್ ತೀರ್ಪಿನಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳೋ ತೊಂದರೆ ಇದ್ದ ಅಭ್ಯರ್ಥಿಗೆ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಲಿಪಿಕಾರರ ಸಹಾಯ ಸಿಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳ್ತು, ಜೊತೆಗೆ ರೀಸನಬಲ್ ಅಕಾಮಡೇಶನ್, ಅಂದ್ರೆ ಅಂಗವೈಕಲ್ಯ ಇರೋರಿಗೆ ಮಾಡಿಕೊಡಬೇಕಾದ ಸೂಕ್ತ ಅನುಕೂಲ, ಅನ್ನೋದು ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಹಾಗೆ, ಆ ವ್ಯಕ್ತಿಯ ಜೊತೆಗೇ ಮಾತಾಡಿ ನಿರ್ಧರಿಸೋದು ಅಂತ ಬಿಡಿಸಿ ಹೇಳ್ತು. ಆದ್ದರಿಂದ ‘ನಮ್ಮಲ್ಲಿ ರ‍್ಯಾಂಪ್ ಇದೆ’ ಅನ್ನೋದು ಉತ್ತರ ಅಲ್ಲ. ಕಿವಿ ಕೇಳದವರಿಗೆ ರ‍್ಯಾಂಪ್ ಏನಕ್ಕೆ?

ಇಲಾಖೆಯವರೇ, ಟ್ರೇನಿಂಗ್ ಕೇಂದ್ರಗಳಿಗೆ ತಲೆ ಲೆಕ್ಕದಲ್ಲಿ, ಸರ್ಟಿಫಿಕೇಟ್ ಲೆಕ್ಕದಲ್ಲಿ ದುಡ್ಡು ಕೊಡೋದು ನಿಲ್ಲಿಸಿ. ಕೆಲಸಕ್ಕೆ ಸೇರಿ ಒಂದು ವರ್ಷ ನಿಂತವರ ಲೆಕ್ಕ ಕೇಳಿ, ಜಾಬ್ ಕೋಚ್‌ಗಳಿಗೆ ಸಂಬಳ ಕೊಡಿ, ಅದನ್ನೊಂದು ವೃತ್ತಿ ಅಂತ ಗುರುತಿಸಿ. ಕನಿಷ್ಠ ವೇತನದ ವಿಷಯದಲ್ಲಿ ಮಾತ್ರ ಯಾವ ರಾಜಿನೂ ಬೇಡ, ಅಮೆರಿಕದಲ್ಲಿ 1938ರ ಒಂದು ಕಾನೂನಿನಿಂದ ಅಂಗವಿಕಲರಿಗೆ ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಡೋಕೆ ಅನುಮತಿ ಸಿಕ್ಕಿ, ಅದನ್ನ ನಿಲ್ಲಿಸೋಕೆ ಅಲ್ಲಿನವರು ಒಂದೊಂದೇ ರಾಜ್ಯದಲ್ಲಿ ಇವತ್ತಿಗೂ ಹೋರಾಡ್ತಿದಾರೆ. ‘ಟ್ರೇನಿ’ ಅನ್ನೋ ಹೆಸರಲ್ಲಿ ವರ್ಷಗಟ್ಟಲೆ ಪುಡಿಗಾಸು ಕೊಟ್ಟು ಪೂರ್ತಿ ಕೆಲಸ ತೆಗೆಸೋದು ನಮ್ಮಲ್ಲೂ ಆಗ್ತಿದೆ. ಎಚ್‌ಆರ್‌ನವರೇ, ಮುಂದಿನ ಟ್ರೇನಿಂಗ್‌ನ ಮೇಲ್ ಕಳಿಸುವಾಗ ‘ನಿಮಗೆ ಯಾವ ಅನುಕೂಲ ಬೇಕು, ಯಾರಿಗೆ ತಿಳಿಸಬೇಕು, ಎಷ್ಟು ದಿನದೊಳಗೆ ಉತ್ತರ ಬರುತ್ತೆ’ ಅನ್ನೋ ಮೂರು ಸಾಲು ಸೇರಿಸಿ, ವೆಂಡರ್ ಜೊತೆ ಮಾಡ್ಕೊಳ್ಳೋ ಕರಾರಿನಲ್ಲೇ ಕ್ಯಾಪ್ಶನ್ ಮತ್ತೆ ಸ್ಕ್ರೀನ್ ರೀಡರ್ ಷರತ್ತು ಹಾಕಿ. ಇದು ನಾಳೆಯೇ ಮಾಡಬಹುದಾದ ಕೆಲಸ.

ಇದನ್ನ ಓದ್ತಿರೋ ಅಂಗವೈಕಲ್ಯ ಇರೋ ಕೆಲಸಗಾರರಿಗೂ ಒಂದು ಮಾತು. ಅನುಕೂಲ ಬೇಕು ಅಂತ ಬಾಯಲ್ಲಿ ಮಾತ್ರ ಕೇಳಬೇಡಿ, ಬರೆದು ಕೇಳಿ, ತಾರೀಕು ಹಾಕಿ, ಒಂದು ಕಾಪಿ ನಿಮ್ಮ ಹತ್ರ ಇಟ್ಕೊಳ್ಳಿ. ಕಂಪನಿಯ ಸಮಾನ ಅವಕಾಶ ನೀತಿ ಎಲ್ಲಿದೆ ಅಂತ ಕೇಳಿ, ಲಿಯಾಸನ್ ಆಫೀಸರ್ ಹೆಸರು ಕೇಳಿ. ಸರ್ಕಾರಿ ಕಚೇರಿಯಾದ್ರೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಕುಂದುಕೊರತೆ ನಿವಾರಣಾ ಅಧಿಕಾರಿ ಇರಲೇಬೇಕು, ಅವರಿಗೆ ದೂರು ಕೊಡಿ, ಅವರು ಎರಡು ವಾರದೊಳಗೆ ವಿಚಾರಣೆ ಮಾಡಬೇಕು. ಅಲ್ಲೂ ಆಗದಿದ್ರೆ ಅಂಗವಿಕಲರ ವಿಷಯ ನೋಡ್ಕೊಳ್ಳೋ ರಾಜ್ಯ ಆಯುಕ್ತರ ತನಕ ಹೋಗೋಕೆ ದಾರಿ ಇದೆ, ಬರೆದು ಇಟ್ಟುಕೊಂಡ ಕಾಗದಗಳೇ ಅಲ್ಲಿ ನಿಮ್ಮ ಪರ ಮಾತಾಡೋದು.

ಇತಿ,
ಕೆಲಸ ಕಲಿಸೋ ಕೆಲಸದಲ್ಲಿರೋ ಒಬ್ಬರು